ಬಾಲದ ಕಡೆಯಿಂದ ಹೊಕ್ಕ ಬೀದಿ

ಚೀನಾಕ್ಕೆ ಹೋಗಿ ಬಂದೆ ಎಂದರೆ ನಮ್ಮ ಕಡೆ ಮೊದಲು ಕೇಳುವುದು ಹಾವು ತಿಂದೆಯಾ ಎಂದು. ತಿನ್ನಲಿಲ್ಲ. ಆಮೇಲೆ ಕೇಳುವುದು, ಅಲ್ಲಿಂದ ಏನು ತಂದೆ ಎಂದು. ಏನೂ ತರಲಿಲ್ಲ. ನನ್ನನ್ನೇ ಅಲ್ಲಿ ಮಾರಾಟಕ್ಕಿಟ್ಟು ಬಂದರು. ಅದು ಹೇಗಾಯಿತೆಂದು ಸಿಕ್ಕ ಸಿಕ್ಕವರಿಗೆಲ್ಲ ಬಿಡಿಸಿ ಹೇಳಿ ಸಾಕಾಗಿ, ಒಂದೇ ಸಲ ಬರೆದುಬಿಡೋಣ ಎಂದು ಕೂತಿದ್ದೇನೆ.

ಚನ್ನಪಟ್ಟಣದ ಬಸ್ ಸ್ಟ್ಯಾಂಡು

ಹೋದದ್ದು ಇಬ್ಬರು. ಒಬ್ಬ ನಾನು, ಅಕ್ಕೂರಿನ ಮರಿಗೌಡ, ಚನ್ನಪಟ್ಟಣದ ಬೊಂಬೆ ಕೆಲಸಗಾರರ ಒಂದು ಸಣ್ಣ ಸಂಘದ ಕಾರ್ಯದರ್ಶಿ. ಸಂಘದಲ್ಲಿ ಇಂಗ್ಲಿಷಿನಲ್ಲಿ ಪತ್ರ ಬರೆಯಬಲ್ಲವನು ನಾನೊಬ್ಬನೇ. ಮಾತಾಡಬಲ್ಲೆನೇ ಎಂದು ಯಾರೂ ಕೇಳಲಿಲ್ಲ, ನಾನಾಗಿ ಹೇಳಲೂ ಇಲ್ಲ. ಇನ್ನೊಬ್ಬ ರಹಮತ್. ಹೈಸ್ಕೂಲಿನಲ್ಲಿ ನನ್ನ ಬೆಂಚಿನವನು, ಈಗ ಲೇತಿನ ಮೇಲೆ ಮರ ಕಡೆದು ಬೊಂಬೆ ಮಾಡುವವನು. ಅವನ ಬಾಯಿ ಅವನ ಲೇತಿಗಿಂತ ಜೋರಾಗಿ ತಿರುಗುತ್ತದೆ.

ಕರೆಸಿಕೊಂಡವರು ಶೆನ್ ಎಂಬ ಮೇಡಂ. ಶಾಂಘೈಯಿಂದ ಅಷ್ಟು ದೂರವೇನಲ್ಲದ ಒಂದು ಹಳೆಯ ಊರಿನ ಮ್ಯೂಸಿಯಂನಲ್ಲಿ ಕೆಲಸ. ಹಿಂದಿನ ವರ್ಷ ಬೆಂಗಳೂರಿನ ಒಂದು ಪ್ರದರ್ಶನಕ್ಕೆ ಬಂದವರು ನಮ್ಮ ಮಳಿಗೆಯಲ್ಲಿ ಒಂದು ಗಿಲಕಿ ಎತ್ತಿಕೊಂಡು, ಯಾರೂ ನೋಡುತ್ತಿಲ್ಲವೆಂದು ತಿಳಿದು ಬಾಯಿಗಿಟ್ಟು ಕಚ್ಚಿ ನೋಡಿದ್ದರು. ಅರಗಿನ ಬಣ್ಣ, ಮಗು ಚೀಪಿದರೂ ಏನೂ ಆಗುವುದಿಲ್ಲ ಎಂದು ನಾನು ಹೇಳಿದ್ದೆ. ಆಮೇಲೆ ಅವರ ಪತ್ರ ಬಂತು. ಅವರ ಮ್ಯೂಸಿಯಂನಲ್ಲಿ ಆ ಊರಿನ ಹಳೆಯ ಬೀದಿಯೊಂದರ ಉದ್ದನೆಯ ಚಿತ್ರವಿದೆಯಂತೆ. ಅದರೊಳಗಿನ ಜನರನ್ನು ಮರದ ಬೊಂಬೆಗಳಾಗಿ ಮಾಡಿಸಿ ಮ್ಯೂಸಿಯಂ ಅಂಗಡಿಯಲ್ಲಿ ಇಡಬೇಕಂತೆ. ಬಂದು ಚಿತ್ರ ನೋಡಿ ಎಂದು ಕರೆದಿದ್ದರು. ಖರ್ಚು ಅವರದೇ.

ಆ ಹೊತ್ತಿಗೆ ರಹಮತನ ಲೇತುಗಳು ಗೋಣಿಚೀಲ ಹೊದ್ದು ಮಲಗಿದ್ದವು. ಪ್ಲಾಸ್ಟಿಕ್ ಬೊಂಬೆಗಳು ಬಂದು ಸಂತೆಯಲ್ಲೆಲ್ಲ ಕೂತ ಮೇಲೆ ನಮ್ಮ ಬೊಂಬೆ ಕೇಳುವವರು ಕಡಿಮೆಯಾದರು. ಹೆದ್ದಾರಿಯ ಪಕ್ಕದಲ್ಲಿ ಒಂದರ ಹಿಂದೊಂದು ಫ್ಯಾಕ್ಟರಿ ಎದ್ದವು. ಬಣ್ಣ ಹಾಕುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ಗಾರ್ಮೆಂಟ್ಸಿನ ಬಸ್ಸು ಹತ್ತಿದರು. ಉಳಿದವಳು ರಹಮತನ ಹೆಂಡತಿ ಶಂಶಾದ್ ಒಬ್ಬಳೇ. ಇದ್ದಿಲ ಕೆಂಡದ ಮೇಲೆ ಅರಗು ಕಾಯಿಸಿ ಬಣ್ಣ ಕಲೆಸುವ ಕೈ ಅವಳದು. ಆ ಕೈ ಇಲ್ಲದಿದ್ದರೆ ರಹಮತ್ ಬರೀ ಮರ ಕೊರೆಯುವವನು, ಅದು ಅವನಿಗೂ ಗೊತ್ತು. ಅವಳೂ ಫ್ಯಾಕ್ಟರಿಗೆ ಹೋಗಿ ಹೆಸರು ಬರೆಸಿ ಬಂದಿದ್ದಳು.

ನಮ್ಮನ್ನು ಕಳಿಸಲು ಬಸ್ ಸ್ಟ್ಯಾಂಡಿಗೆ ಬಂದವಳು ಗಂಡನನ್ನು ಬಿಟ್ಟು ನನಗೆ ಹೇಳಿದಳು: "ಅಣ್ಣ, ಆರ್ಡರ್ ತಂದ್ರೆ ನಾನು ಮನೇಲಿ ಕೆಲ್ಸ ಮಾಡ್ತೀನಿ. ಬರೀ ಕೈಲಿ ಬಂದ್ರೆ ಮುಂದಿನ ತಿಂಗ್ಳಿಂದ ಬಸ್ಸು. ಇವ್ರಿಗೂ ಹೇಳಿದೀನಿ."

"ಹೇಳವ್ಳೆ," ಎಂದ ರಹಮತ್, ಬೇರೆ ಯಾರದೋ ಮನೆ ಸುದ್ದಿಯೆಂಬಂತೆ.

ನನಗೆ ಅವತ್ತಿನಿಂದಲೇ ಹೊಟ್ಟೆ ಕೆಟ್ಟಿತು. ಚಿಂತೆ ಯಾರದೇ ಇರಲಿ, ಅದು ಬಂದು ಇಳಿದುಕೊಳ್ಳುವುದು ನನ್ನ ಹೊಟ್ಟೆಯಲ್ಲಿ.

ಶಾಂಘೈ ವಿಮಾನ ನಿಲ್ದಾಣ

ತಪಾಸಣೆಯ ಮೇಜಿನ ಮೇಲೆ ನನ್ನ ಚೀಲದಿಂದ ಹುರಿಹಿಟ್ಟಿನ ಡಬ್ಬಿ ಹೊರಟಿತು. ಅಧಿಕಾರಿ ಮೂಸಿ ನೋಡಿ ಬಿಟ್ಟ. ರಹಮತನ ಚೀಲದಿಂದ ಹೊರಟದ್ದು ಬೆರಳುದಪ್ಪದ ಅರಗಿನ ಕಡ್ಡಿಗಳು. ಹಳೇ ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿ, ಬಂಡೆ ಒಡೆಯುವವರು ಒಯ್ಯುವ ಮದ್ದಿನ ಹಾಗೇ ಇದ್ದವು. ರಾಮನಗರದ ಬಂಡೆಗಳ ನಡುವೆ ಬೆಳೆದವನು ನಾನು, ನನಗೇ ಒಂದು ಕ್ಷಣ ಅನುಮಾನ ಬಂತು. ಅಧಿಕಾರಿ ತನ್ನ ಮೇಲಿನವನನ್ನು ಕರೆದ. ಮೇಲಿನವನು ಇನ್ನೂ ಮೇಲಿನವನನ್ನು ಕರೆದ.

"ಏನಂತ ಹೇಳ್ಲಾ?" ಎಂದೆ ನಾನು. ಅರಗಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೋ ಅದು ಪತ್ರ ಬರೆಯುವಾಗ ಮಾತ್ರ ನೆನಪಿಗೆ ಬರುತ್ತಿತ್ತು.

"ನೀನು ಒಸಿ ಸುಮ್ಕಿರು," ಎಂದು ರಹಮತ್ ಜೇಬಿನಿಂದ ಬುಗುರಿ ತೆಗೆದ. ಅರಗಿನ ಕಡ್ಡಿ ತೋರಿಸಿದ, ಬುಗುರಿಯ ಬಣ್ಣ ತೋರಿಸಿದ, ಆಮೇಲೆ ಬುಗುರಿಯನ್ನು ಮೇಜಿನ ಮೇಲೆ ತಿರುಗಿಸಿ ಬಿಟ್ಟ. ಅದು ನಿಂತಲ್ಲೇ ನಿದ್ದೆ ಹೋದ ಹಾಗೆ ತಿರುಗಿತು. ಮೂರೂ ಜನ ಅಧಿಕಾರಿಗಳು ಸರದಿಯ ಮೇಲೆ ಆಡಿದರು. ಅರಗು ವಾಪಸ್ ಬಂತು, ಬುಗುರಿ ಬರಲಿಲ್ಲ.

ಕಾಲುವೆಗಳ ಊರು

ಊರಿನ ಹೆಸರು ಬರೆಯುವುದಿಲ್ಲ. ನಾನು ಅದನ್ನು ಬಾಯಿಬಿಟ್ಟು ಹೇಳಿದಾಗಲೆಲ್ಲ ಜನ ನನಗೆ ಬೇರೆ ಊರಿನ ದಾರಿ ತೋರಿಸಿದ್ದಾರೆ.

ರೈಲಿನಲ್ಲಿ ಹೋದೆವು. ಅದು ನಿಲ್ಲುವ ಮೊದಲೇ ರಹಮತ್ ಹೆಗಲ ಮೇಲಿನ ಟವಲು ಕೈಗೆ ತೆಗೆದುಕೊಂಡಿದ್ದ, ಮಾಗಡಿ ಬಸ್ಸಿಗೆ ಕಿಟಕಿಯಿಂದ ಎಸೆದು ಸೀಟು ಹಿಡಿಯುವ ಹಾಗೆ. ಇಲ್ಲಿ ಕಿಟಕಿ ತೆರೆಯುವುದೇ ಇಲ್ಲ, ಸೀಟಿಗೆ ನಂಬರು ಬೇರೆ. "ಇನ್ನೇನ್ಲಾ ಮಜಾ," ಎಂದು ಟವಲು ಮತ್ತೆ ಹೆಗಲಿಗೆ ಹಾಕಿಕೊಂಡ.

ಊರು ಚೆನ್ನಾಗಿತ್ತು. ಮನೆಗಳ ಹಿತ್ತಿಲಿಗೆ ಕಾಲುವೆ, ಕಾಲುವೆಗೆ ಕಮಾನು ಸೇತುವೆ. ಎಲ್ಲಿ ಹೋದರೂ ಕುಡಿಯಲು ಕೊಡುವುದು ಬಿಸಿನೀರು. ನಮ್ಮಲ್ಲಿ ಬಿಸಿನೀರು ಕೊಟ್ಟರೆ ನಿನಗೆ ಮೈ ಸರಿಯಿಲ್ಲ ಎಂದು ಅರ್ಥ. ಮೊದಲ ದಿನ ಎಲ್ಲರೂ ಬಿಸಿನೀರು ಕೊಡುವುದನ್ನು ಕಂಡು ನನ್ನ ಮುಖದಲ್ಲಿ ಏನೋ ಕಾಣಿಸುತ್ತಿರಬೇಕೆಂದು ಕನ್ನಡಿ ನೋಡಿಕೊಂಡೆ. ಊಟಕ್ಕೆ ರಹಮತ್ ಮಾಂಸ ಮುಟ್ಟುವ ಹಾಗಿಲ್ಲ, ಯಾವುದು ಹಲಾಲೋ ಗೊತ್ತಿಲ್ಲ. ನಾನು ಶನಿವಾರ ಬಿಟ್ಟು ಎಲ್ಲ ತಿನ್ನುವವನು, ಆದರೆ ಯಾವುದು ಯಾವ ಪ್ರಾಣಿ ಎಂದು ತಿಳಿಯದೆ ವಾರದ ಎಲ್ಲ ದಿನವೂ ಶನಿವಾರ ಮಾಡಿಕೊಂಡೆ. ಇಬ್ಬರೂ ಅವರ ಬಿಸಿನೀರಿಗೆ ನಮ್ಮ ಹುರಿಹಿಟ್ಟು ಕಲೆಸಿ ತಿಂದೆವು.

ಸಂಜೆ ಪೇಟೆ ಸುತ್ತಿದಾಗ ಒಂದು ಅಂಗಡಿಯಲ್ಲಿ ನಮ್ಮದೇ ತೂಗುಕುದುರೆ ಕಂಡಿತು. ಅದೇ ಕತ್ತು, ಅದೇ ಕಿವಿ, ಪ್ಲಾಸ್ಟಿಕ್ಕಿನದು. ರಹಮತ್ ಅದನ್ನು ಎತ್ತಿ ಮೂಸಿದ, ಅಲ್ಲಾಡಿಸಿದ, ಹೊಟ್ಟೆಗೆ ಬೆರಳಿನಿಂದ ಕುಟ್ಟಿದ. ಟೊಳ್ಳು ಸದ್ದು ಬಂತು.

"ನಮ್ ಅಪ್ಪ ಮಾಡಿದ್ದು ಕಣ್ಲಾ ಈ ಕತ್ತು," ಎಂದ. ಆಮೇಲೆ ಕುದುರೆಯನ್ನು ಇದ್ದ ಜಾಗದಲ್ಲೇ, ಇದ್ದ ಹಾಗೇ ಇಟ್ಟ.

ಮ್ಯೂಸಿಯಂ, ಬೆಳಿಗ್ಗೆ

ಶೆನ್ ಮೇಡಂ ಬಾಗಿಲಲ್ಲೇ ಎಚ್ಚರಿಕೆ ಕೊಟ್ಟರು. ಅವರ ಹಿರಿಯ ಅಧಿಕಾರಿ ಸ್ವಲ್ಪ ವಿಚಿತ್ರದ ಮನುಷ್ಯ. ಈ ಚಿತ್ರದಿಂದ ಯಾರು ಏನು ಮಾಡಬೇಕೆಂದರೂ ಮೊದಲು ಅವರ ಎದುರಿಗೆ ನಿಂತು, ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಅಲ್ಲಿ ಏನು ನಡೆಯುತ್ತಿದೆ ಎಂದು ಬಾಯಲ್ಲಿ ಹೇಳಬೇಕು. ಹಿಂದೆ ಒಂದು ಪ್ಲಾಸ್ಟಿಕ್ ಕಂಪನಿಯವರು ಬಂದು ಚಿತ್ರದ ಉದ್ದ ಅಗಲ ಮಾತ್ರ ಕೇಳಿದರಂತೆ. ಹಿರಿಯರು ಅವರಿಗೆ ಟೀ ಕುಡಿಸಿ ಕಳಿಸಿದರಂತೆ.

"ನೀವು ಬೆಳಿಗ್ಗೆಯೆಲ್ಲ ನೋಡಿ. ಮಧ್ಯಾಹ್ನ ಅವರು ಬರುತ್ತಾರೆ," ಎಂದು ಹೇಳಿ ಹೋದರು.

ಚಿತ್ರ ರೇಷ್ಮೆ ಬಟ್ಟೆಯ ಮೇಲಿನದು. ಹಾಲಿನ ಗೋಡೆಯುದ್ದಕ್ಕೂ ಗಾಜಿನ ಪೆಟ್ಟಿಗೆಯಲ್ಲಿ ಬಿಚ್ಚಿ ಮಲಗಿಸಿದ್ದರು. ಕಣ್ಣಿಗೆ ಕಂಡಷ್ಟೂ ಜನ. ನನಗೆ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ಹೊರಗೆ ಬೆಳಿಗ್ಗೆ ನಿಂತ ಹಾಗಾಯಿತು.

ರಹಮತ್ ನೇರವಾಗಿ ಬಲಗಡೆಯ ತುದಿಗೆ ನಡೆದ.

"ಲೇ, ಆ ಕಡೆಯಿಂದ ಯಾರ್ಲಾ ನೋಡ್ತಾರೆ? ಇಲ್ ಬಾ," ಎಂದೆ ನಾನು ಎಡಗಡೆಯ ತುದಿಯಿಂದ.

"ಯಾಕೆ? ಇಲ್ಲಿಂದ್ಲೇ ಸುರುವಾದಂಗ್ ಐತೆ."

"ನಿಮ್ಮ ಉರ್ದು ಅಲ್ಲ ಕಣ್ಲಾ ಇದು. ಪ್ರಪಂಚವೆಲ್ಲ ಎಡಗಡೆಯಿಂದ ಓದ್ತದೆ."

"ಪ್ರಪಂಚ ಅಂದ್ರೆ ಅಕ್ಕೂರಾ?" ಎಂದು ಗೊಣಗಿದರೂ ಬಂದ. ಓದುವ ವಿಷಯದಲ್ಲಿ ಶಾಲೆಯ ಕಾಲದಿಂದಲೂ ಅವನು ನನ್ನ ಮಾತು ಕೇಳಿ ಕೆಟ್ಟಿದ್ದಾನೆ.

ಎಡಗಡೆಯಿಂದ ಬೀದಿ ಹೀಗಿತ್ತು. ಮೊದಲಿಗೆ ಊರೊಳಗಿನ ಒಂದು ದೊಡ್ಡ ಮನೆ, ಬಾಗಿಲ ಮುಂದೆ ನೆಲಕ್ಕಿಳಿಸಿದ ಪಲ್ಲಕ್ಕಿ, ಅದರೊಳಗೊಬ್ಬಳು ಹುಡುಗಿ, ಬೆವರು ಒರೆಸಿಕೊಳ್ಳುವ ಬೋವಿಗಳು. ಆಮೇಲೆ ಅಂಗಡಿ ಸಾಲು, ಅಲ್ಲಿ ಅಗಲವಾದ ಟೋಪಿಯವನೊಬ್ಬ ಖಾಲಿ ಬುಟ್ಟಿ ಹೊತ್ತು ನಿಂತಿದ್ದಾನೆ. ನಡುವೆ ಸೇತುವೆ, ಅದರ ಹತ್ತಿರ ಕತ್ತೆಯ ಮೇಲೆ ಕೂತ ಒಬ್ಬ ದಪ್ಪನೆಯವನು. ಸೇತುವೆ ದಾಟಿದರೆ ಹಳ್ಳಿ. ಅಲ್ಲಿ ಅದೇ ಟೋಪಿಯವನು ಮತ್ತೆ ಕಾಣುತ್ತಾನೆ, ಬುಟ್ಟಿಯ ತುಂಬ ಬಾತುಕೋಳಿ. ಬಲಗಡೆಯ ಕೊನೆಯಲ್ಲಿ ಒಂದು ಹುಲ್ಲುಮನೆ, ಅದರ ಮುಂದೆ ಅದೇ ಪಲ್ಲಕ್ಕಿ, ಅದೇ ಹುಡುಗಿ, ಕಣ್ಣೊರೆಸಿಕೊಳ್ಳುವ ಹೆಂಗಸರು. ಮನೆಯ ಪಕ್ಕದ ಮರದ ಹಿಂದೆ ಒಬ್ಬ ಗಂಡಸು ಕತ್ತು ಚಾಚಿ ಇಣುಕುತ್ತಾನೆ.

ರಹಮತನಿಗೆ ಕಥೆಗಿಂತ ಮೊದಲು ಆಕಾರ ಬೇಕಿತ್ತು. "ದಪ್ಪಗಿರೋರ್ನ ಹುಡ್ಕು ಮರಿಗೌಡ. ಲೇತಿಗೆ ದಪ್ಪ ಒಗ್ತದೆ. ಈ ಟೋಪಿಯೋನು ಆಯ್ತಾನೆ. ಬೋವಿಗಳು ಆಯ್ತಾರೆ. ಕತ್ತೆ ಬ್ಯಾಡ. ಕತ್ತೆ ಮ್ಯಾಲೆ ಕೂತವ್ನಲ್ಲ, ಅವನು ಆಯ್ತಾನೆ."

"ಕತ್ತೆ ಇಲ್ದೆ ಅವನು ಯಾತರ ಮೇಲೆ ಕೂರ್ತಾನ್ಲಾ?"

"ಸ್ಟೂಲು ಮಾಡ್ಕೊಡಣ."

ಮಧ್ಯಾಹ್ನಕ್ಕೆ ಇನ್ನೆಷ್ಟು ಹೊತ್ತಿದೆ ಎಂದು ನಾನು ಗಡಿಯಾರ ನೋಡಿಕೊಂಡೆ.

ಮ್ಯೂಸಿಯಂ, ಮಧ್ಯಾಹ್ನ

ಹಿರಿಯರು ಬಂದರು. ತೆಳ್ಳಗಿನ ಮನುಷ್ಯ, ಕೈಯಲ್ಲಿ ಬಿಸಿನೀರಿನ ಫ್ಲಾಸ್ಕು. ಮುಖದಲ್ಲಿ ಏನೂ ಬರೆದಿರಲಿಲ್ಲ. ಏರ್ಪಾಡು ಹೀಗೆ: ರಹಮತ್ ಕನ್ನಡದಲ್ಲಿ ಹೇಳುವುದು, ನಾನು ಇಂಗ್ಲಿಷಿಗೆ ಇಳಿಸುವುದು, ಶೆನ್ ಮೇಡಂ ಚೀನೀ ಭಾಷೆಗೆ ಏರಿಸುವುದು. ನಾವು ಎಡಗಡೆಯ ತುದಿಯಲ್ಲಿ ಹೋಗಿ ನಿಂತಾಗ ಮೇಡಂ ಏನೋ ಹೇಳಲು ಬಾಯಿ ತೆರೆದು, ಮುಚ್ಚಿಕೊಂಡರು. ನಾನು ಅದನ್ನು ಗೌರವ ಎಂದು ತಿಳಿದೆ.

"ಸಾರ್, ಇದು ಆಷಾಡ," ಎಂದು ರಹಮತ್ ಶುರುಮಾಡಿದ.

ನಾನು ಅವನ ತೋಳು ಹಿಡಿದೆ. "ಏನ್ಲಾ ಇದು? ಆಷಾಢ ಎಲ್ಲಿಂದ ಬಂತು?"

"ನೋಡ್ಲಾ ಸರ್ಯಾಗಿ. ಹೆಣ್ಣು ಗಂಡನ ಮನೆಯಿಂದ ಹೊಂಟವ್ಳೆ. ಆ ತುದೀಲಿ ಅಮ್ಮನ ಮನೇಲಿ ಇಳ್ದವ್ಳೆ. ಹೊಸ್ದಾಗಿ ಮದ್ವೆಯಾದವಳು ತವರಿಗೆ ಹೋಗದು ಇನ್ಯಾವಾಗ? ನಂಗೆ ಗೊತ್ತಿಲ್ವಾ? ಆ ತಿಂಗ್ಳು ಮದ್ವೆ ಇಲ್ಲ, ನಂಗೆ ಯಾಪಾರ ಇಲ್ಲ. ಹೇಳು ಅಂದ್ರೆ ಹೇಳು."

ಹೇಳಿದೆ. ನಮ್ಮಲ್ಲಿ ಒಂದು ತಿಂಗಳಿದೆ, ಆ ತಿಂಗಳು ಹೊಸ ಮದುವಣಗಿತ್ತಿ ತಾಯಿಯ ಮನೆಗೆ ಹೋಗುತ್ತಾಳೆ, ಅತ್ತೆ ಅಳಿಯ ಆ ತಿಂಗಳು ಒಂದೇ ಹೊಸಿಲು ದಾಟಬಾರದು, ಆದ್ದರಿಂದ ಗಂಡ ಅತ್ತ ತಲೆ ಹಾಕುವ ಹಾಗಿಲ್ಲ. ನಾನು ಒಂದು ಮಾತು ಹೇಳಿದರೆ ಶೆನ್ ಮೇಡಂ ನಾಲ್ಕು ಮಾತು ಹೇಳುತ್ತಿದ್ದರು. ಉಳಿದ ಮೂರು ಎಲ್ಲಿಂದ ಬಂದವೆಂದು ನನಗೆ ಗಾಬರಿ.

ರಹಮತ್ ಮುಂದೆ ನಡೆದ. ಟೋಪಿಯವನು ಖಾಲಿ ಬುಟ್ಟಿ ಹಿಡಿದು ಸಂತೆಗೆ ಹೊರಟಿದ್ದಾನೆ, ಹಳ್ಳಿ ಸೇರುವ ಹೊತ್ತಿಗೆ ಬಾತುಕೋಳಿ ಕೊಂಡಿದ್ದಾನೆ, ಮಗಳು ಬರುತ್ತಾಳೆಂದು ಮನೆಯವರು ಹೇಳಿಕಳಿಸಿರಬೇಕು. ಸೇತುವೆಯ ಮೇಲೆ ಇಬ್ಬರು ಒಬ್ಬರ ನಿಲುವಂಗಿಯ ತೋಳಿನೊಳಗೆ ಒಬ್ಬರು ಕೈಯಿಟ್ಟು ನಿಂತಿದ್ದರು. "ಇವ್ರು ದನದ ಯಾಪಾರದೋರು ಸಾರ್, ಬಟ್ಟೆ ಮರೇಲಿ ಬೆರಳು ಹಿಡ್ದು ರೇಟು ಮಾಡ್ತಾವ್ರೆ," ಎಂದ. ಚಳಿಗೆ ಕೈ ಕಾಯಿಸಿಕೊಳ್ಳುತ್ತಿದ್ದಾರೆ ಎಂದು ಮೇಡಂ ಮೆಲ್ಲಗೆ ನನಗೆ ಹೇಳಿದರು. ನಾನು ಅದನ್ನು ರಹಮತನಿಗೆ ತಲುಪಿಸಲಿಲ್ಲ. ಓಟದಲ್ಲಿರುವ ಹೋರಿಯನ್ನು ನಡುವೆ ಹಿಡಿದವರು ಉಳಿದಿಲ್ಲ.

ಬಲಗಡೆಯ ಕೊನೆಗೆ ಬಂದೆವು. ರಹಮತ್ ಮರದ ಹಿಂದಿನವನ ಮೇಲೆ ಬೆರಳಿಟ್ಟ.

"ಇವನು ಗಂಡ ಸಾರ್. ಬರ್ಬಾರ್ದು ಅಂದ್ರೂ ಬಂದ್ಬುಟ್ಟವ್ನೆ, ಕದ್ದು. ನಮ್ ಮರಿಗೌಡನೂ ಇಂಗೇ ಹೋಗಿದ್ದ. ಮದ್ವೆಯಾದ ವರ್ಸ, ಎರಡು ಬಸ್ಸು ಬದ್ಲಾಯಿಸ್ಕಂಡು, ಕೋಡಿಹಳ್ಳಿಗೆ. ಹುಲ್ಲಿನ ಮೆದೆ ಹಿಂದೆ ಅವುತ್ಕಂಡಿದ್ದ. ಅತ್ತೆ ದನಕ್ಕೆ ಹುಲ್ಲು ಹಿರಿಯಕ್ಕೆ ಬಂದು, ಹುಲ್ಲಿನ ಜೊತೆಗೆ ಇವನ ಷರ್ಟಿನ ತೋಳೂ ಹಿರಿದ್ಲು."

ಹಿರಿಯರು ನನ್ನತ್ತ ನೋಡಿದರು. ನಾನು ಇಂಗ್ಲಿಷಿನಲ್ಲಿ, "ಕೆಲವು ಪ್ರಾಂತಗಳಲ್ಲಿ ಕೆಲವು ಗಂಡಂದಿರು ಭೇಟಿಗೆ ಬರುವುದುಂಟು," ಎಂದೆ.

"ಅಷ್ಟು ಸಣ್ಣಕ್ಕೆ ಹೇಳ್ಬುಟ್ಯಾ?" ಎಂದು ರಹಮತ್ ಅನುಮಾನದಿಂದ ನೋಡಿ, ಮರದ ಹಿಂದಿನವನಿಂದ ಬೆರಳು ಎತ್ತಿ ನೇರವಾಗಿ ನನ್ನ ಎದೆಗೆ ಇಟ್ಟ. ಆಮೇಲೆ ಗೋಡೆ ಪಕ್ಕಕ್ಕೆ ಹೋಗಿ ಕತ್ತು ಚಾಚಿ ಇಣುಕಿ ತೋರಿಸಿದ. ಬೆರಳಿಗೂ ಕತ್ತಿಗೂ ಅನುವಾದ ಬೇಕಾಗಲಿಲ್ಲ. ಹಿರಿಯರು ಚಿತ್ರದವನನ್ನು ನೋಡಿದರು, ನನ್ನನ್ನು ನೋಡಿದರು, ಫ್ಲಾಸ್ಕನ್ನು ಕೆಳಗಿಟ್ಟು ನಗತೊಡಗಿದರು. ಸದ್ದಿಲ್ಲದ ನಗು, ಭುಜ ಮಾತ್ರ ಕುಣಿಯುತ್ತಿತ್ತು.

ಶೆನ್ ಮೇಡಂ ನನ್ನ ಹತ್ತಿರ ಬಂದು ಹೇಳಿದರು. ಅವರ ಪುಸ್ತಕಗಳಲ್ಲಿ ಆ ಮರದ ಹಿಂದಿನವನು ಒಬ್ಬ ಕವಿ, ವಸಂತದ ಚಿಗುರು ನೋಡಲು ಬಂದವನು. ಮತ್ತೆ ಈ ಚಿತ್ರವನ್ನು ನೋಡಬೇಕಾದ್ದು ಬಲಗಡೆಯಿಂದ. ಹಳ್ಳಿಯಿಂದ ಊರಿಗೆ. ಬಾತುಕೋಳಿಯವನು ಕೊಳ್ಳುವವನಲ್ಲ, ಮಾರುವವನು. ಆ ಹುಡುಗಿ ತಾಯಿಯ ಮನೆಯಿಂದ ಅಳುತ್ತಾ ಹೊರಟು ಗಂಡನ ಮನೆಗೆ ಹೋಗುತ್ತಿದ್ದಾಳೆ. ಇಡೀ ಬೀದಿಯನ್ನು ನಾವು ಬಾಲದ ಕಡೆಯಿಂದ ಹೊಕ್ಕು ತಲೆಯ ಕಡೆಯಿಂದ ಹೊರಬಿದ್ದಿದ್ದೆವು.

"ನೀವು ಮೊದಲೇ ಹೇಳಬಹುದಿತ್ತಲ್ಲ," ಎಂದೆ.

"ಹೇಳಬೇಕೆಂದಿದ್ದೆ. ಆಮೇಲೆ ನಿಮ್ಮ ಕಥೆಯಲ್ಲಿ ಆ ಹುಡುಗಿ ಎಲ್ಲಿಗೆ ಹೋಗುತ್ತಾಳೆ ಎಂದು ಕೇಳಬೇಕೆನಿಸಿತು. ನಮ್ಮ ಹಿರಿಯರಿಗೆ ಅರ್ಥವಾಗಲಿ ಎಂದು ನಾನೇ ಸ್ವಲ್ಪ ಸೇರಿಸಿದೆ."

ರಹಮತನಿಗೆ ಹೇಳಬೇಕಾಯಿತು. ಅವನು ಕೇಳಿದ. ಬಲಗಡೆಯ ತುದಿಯನ್ನು ನೋಡಿದ, ಎಡಗಡೆಯ ತುದಿಯನ್ನು ನೋಡಿದ, ನನ್ನನ್ನು ನೋಡಿದ.

"ಪ್ರಪಂಚವೆಲ್ಲ ಎಡಗಡೆಯಿಂದ ಓದ್ತದೆ," ಎಂದ.

ಅವನ ಹೆಂಡತಿ ಗಾರ್ಮೆಂಟ್ಸಿನ ಬಸ್ಸು ಹತ್ತುವುದು ನನ್ನ ಕಣ್ಣಿಗೆ ಕಾಣುತ್ತಿತ್ತು, ಅದೂ ನನ್ನಿಂದಲೇ. ಚಿಂತೆ ಮಾಡುವವನಿಗೆ ಇದೊಂದು ಶಾಪ. ಅಷ್ಟೆಲ್ಲ ಮುಂಚಿತವಾಗಿ ಹೆದರಿರುತ್ತೇವೆ, ನಿಜವಾಗಿ ಕೆಟ್ಟದ್ದು ಬಂದಾಗ ಹೆದರಲು ಹೊಸದೇನೂ ಉಳಿದಿರುವುದಿಲ್ಲ.

ಹಿರಿಯರು ನಗು ಮುಗಿಸಿ ಮಾತಾಡಿದರು. ಶೆನ್ ಮೇಡಂ ಈ ಸಲ ಏನೂ ಸೇರಿಸದೆ ಹೇಳಿದರು: ಈ ಬೀದಿಯನ್ನು ನಿಮಗೆ ಕೊಡಲಾಗುವುದಿಲ್ಲ. ತಲೆಕೆಳಗಾದ ಬೀದಿ ಮ್ಯೂಸಿಯಂ ಅಂಗಡಿಯಲ್ಲಿದ್ದರೆ ಊರಿನವರು ನನ್ನನ್ನು ಬಿಡುವುದಿಲ್ಲ.

ರಹಮತ್ ತಲೆಯಾಡಿಸಿದ. ಟವಲು ತೆಗೆದು ಕೈ ಒರೆಸಿಕೊಂಡ, ಅಲ್ಲಿ ಒರೆಸಿಕೊಳ್ಳುವಂಥದ್ದು ಏನೂ ಇರಲಿಲ್ಲ.

ಹಿರಿಯರು ಹುಲ್ಲುಮನೆಯ ಮುಂದಿನ ಪಲ್ಲಕ್ಕಿಯ ಹತ್ತಿರ ಹೋಗಿ ನಿಂತರು. ಇಷ್ಟು ವರ್ಷ ಈ ಹುಡುಗಿಯನ್ನು ಕಳಿಸಿಕೊಡುವುದೇ ನಮ್ಮ ಕೆಲಸವಾಗಿತ್ತು, ವಾಪಸ್ ಕರೆತಂದವರು ನೀವು, ಎಂದರು. ಈ ಪಲ್ಲಕ್ಕಿ ಒಂದನ್ನೇ ಮಾಡುವುದಾದರೆ ಅದು ಯಾವ ಕಡೆಗೆ ಹೋಗುವ ಹಾಗೆ ಮಾಡುತ್ತೀರಿ?

ನಾನು ಇಂಗ್ಲಿಷಿನಲ್ಲಿ ಯೋಚಿಸತೊಡಗಿದೆ. ಬಲಕ್ಕೆ ಎಂದರೆ ಅವರ ಪುಸ್ತಕಕ್ಕೆ ಅವಮಾನ, ಎಡಕ್ಕೆ ಎಂದರೆ ನಮ್ಮ ಕಥೆಗೆ ನಾವೇ ಎಳ್ಳುನೀರು ಬಿಟ್ಟ ಹಾಗೆ.

"ಏನಂತೆ?" ಎಂದ ರಹಮತ್. ಹೇಳಿದೆ.

"ಅದುಕ್ಕೇನು? ಚಕ್ರ ಹಾಕ್ತೀನಿ ಅನ್ನು. ಹಿಂದಕ್ಕೂ ದಾರ, ಮುಂದಕ್ಕೂ ದಾರ. ಮಗು ಯಾವ ಕಡೆ ಎಳೀತದೋ ಆ ಕಡೆ ಹೋಯ್ತದೆ."

"ಪಲ್ಲಕ್ಕಿಗೆ ಚಕ್ರ ಇರಲ್ಲ ಕಣ್ಲಾ."

"ಚಕ್ರ ಇಲ್ದಿರೋ ಬೊಂಬೇನ ನಮ್ಮೂರಲ್ಲಿ ಯಾವ ಮಗು ಎಳ್ದದೆ? ನೀನು ಅನ್ನು."

ಅಂದೆ. ಶೆನ್ ಮೇಡಂ ಅದನ್ನು ಹೇಳುವಾಗ ಗಾಜಿನ ಮೇಲೆ ಬೆರಳನ್ನು ಆ ಕಡೆ ಈ ಕಡೆ ಓಡಿಸಿ ತೋರಿಸಿದರು. ಹಿರಿಯರು ಬಿಸಿನೀರು ಒಂದು ಗುಟುಕು ಕುಡಿದರು. ಆಮೇಲೆ ಹೇಳಿದರು, ಪಲ್ಲಕ್ಕಿ ಮಾಡಿ. ಒಳಗೆ ಹುಡುಗಿಯನ್ನೂ ಕೂರಿಸಿ. ಮೊದಲ ಪೆಟ್ಟಿಗೆಗಳು ನಮ್ಮ ಹೊಸವರ್ಷದ ಹಬ್ಬಕ್ಕೆ ಬೇಕು. ಮತ್ತೆ ಮರದ ಹಿಂದಿನವನೂ ಬೇಕು, ಎಂದು ನನ್ನ ಕಡೆ ನೋಡಿ ಮತ್ತೆ ಭುಜ ಕುಣಿಸಿದರು. ಪುಸ್ತಕದವರು ಕೇಳಿದರೆ ಕವಿ ಎನ್ನೋಣ.

ರಹಮತ್ ಅಲ್ಲೇ ನನ್ನ ಸುತ್ತ ಬಂದು ನೋಡಿ, ಹೊಟ್ಟೆಯ ಅಳತೆ ತೆಗೆದ. "ಲೇತಿಗೆ ಚೆನ್ನಾಗಿ ಒಗ್ತೀಯ ಬುಡು."

ಟೆಲಿಫೋನ್ ಅಂಗಡಿ

ಮ್ಯೂಸಿಯಂನಿಂದ ಹೊರಬಿದ್ದವನೇ ರಹಮತ್ ಫೋನಿನ ಅಂಗಡಿ ಹುಡುಕಿದ. ಚನ್ನಪಟ್ಟಣದಲ್ಲಿ ಆಗಿನ್ನೂ ಮಧ್ಯಾಹ್ನ. ಮನೆಯಲ್ಲಿ ಅವರಿಬ್ಬರದು ಉರ್ದು. ಅವನು ಏನೋ ಉದ್ದಕ್ಕೆ ಹೇಳಿದ, ನಡುವೆ ಪಲ್ಲಕ್ಕಿ ಎಂದದ್ದು, ಆಷಾಡ ಎಂದದ್ದು ಮಾತ್ರ ನನಗೆ ತಿಳಿಯಿತು. ಆಮೇಲೆ ಅವನ ಮಾತು ನಿಂತಿತು. ಆ ಕಡೆಯಿಂದ ಏನೋ ಸಣ್ಣ ಪ್ರಶ್ನೆ. ಅವನು ತಡವರಿಸಿದ. ಫೋನನ್ನು ನನ್ನ ಕೈಗೆ ತುರುಕಿದ.

"ನಿನ್ನನ್ನೇ ಕೇಳ್ತಾಳಂತೆ."

"ಅಣ್ಣ," ಎಂದಳು ಶಂಶಾದ್, "ಇವ್ರು ಹೇಳೋದು ನಂಬಕ್ಕಾಗಲ್ಲ. ನೀವ್ ಹೇಳಿ. ಪಲ್ಲಕ್ಕಿ ಯಾವ ಬಣ್ಣ?"

ನಾನು ರಹಮತನನ್ನು ನೋಡಿದೆ. ಅವನು ತುಟಿಯಲ್ಲೇ "ಕೆಂಪು ಅನ್ನು, ಕೆಂಪು" ಎನ್ನುತ್ತಿದ್ದ. ಪಲ್ಲಕ್ಕಿ ಕಣ್ಣಿಗೆ ಕಟ್ಟಿದ ಹಾಗಿತ್ತು, ಅದರ ಕೋಲು, ಮೂಲೆಯ ಗೊಂಡೆ, ಬೋವಿಗಳ ಬೆವರು. ಬಣ್ಣ ಮಾತ್ರ ನೆನಪಿಗೆ ಬರಲಿಲ್ಲ.

"ನೋಡ್ಲಿಲ್ಲಮ್ಮ," ಎಂದೆ.

"ಬೆಳಿಗ್ಗೆಯಿಂದ ಅಲ್ಲೇ ಇದ್ರಂತಲ್ಲ?"

"ಇದ್ವಿ."

"ಮತ್ತೆ ಅದೇನ್ ನೋಡಿದ್ರಿ ಇಬ್ರೂ?"

ನಾನು ಬಾಯಿ ತೆರೆಯುವ ಮೊದಲೇ ಅವಳು, "ನಾಳೆ ಬಾಗ್ಲು ತೆಗ್ದ ಕೂಡ್ಲೆ ಹೋಗಿ ನೋಡ್ಕಂಡ್ ಬನ್ನಿ. ಹುಡುಗಿ ಸೀರೆದೂ ನೋಡಿ. ಕೆಂಪಾದ್ರೆ ಯಾವ ಕೆಂಪು ಅಂತ ನೋಡಿ. ನಾನು ಇದ್ದಿಲು ತರಿಸಿಡ್ತೀನಿ, ಇರೋದು ನೆಂದೋಗಿದೆ," ಎಂದು ಫೋನು ಇಟ್ಟಳು.

ರಹಮತ್ ಅಂಗಡಿಯ ಬಾಗಿಲಲ್ಲಿ ಬೀದಿಯ ಕಡೆ ಮುಖಮಾಡಿ ನಿಂತಿದ್ದ. ತಿರುಗದೆಯೇ ಕೇಳಿದ.

"ಬಸ್ಸಿನ ಇಸ್ಯ ಏನಾರ ಎತ್ತಿದ್ಲಾ?"

"ಇಲ್ಲ ಕಣ್ಲಾ," ಎಂದೆ. "ಇದ್ದಿಲು ತರಿಸ್ತೀನಿ ಅಂದ್ಲು."